ರ‍್ಯಾಂಪಿನಲ್ಲಿ ನಿಂತಿದ್ದ ಕಂದು ಸ್ವೆಟರ್

ಸತ್ತವರು, ಸಾಯುವವರು ಎಲ್ಲೋ ಬಂದು ಕಾಣಿಸಿಕೊಳ್ಳುತ್ತಾರೆ ಎಂಬುದನ್ನು ನಾನು ನಂಬಿದವಳೇ ಅಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದು ಡಿಸಿಪ್ಲಿನ್ ಮತ್ತು ಹೆಣಿಗೆ. ಯಾರಾದರೂ ಇಂಥ ಕತೆ ಶುರು ಮಾಡಿದರೆ "ನಾನ್ಸೆನ್ಸ್" ಎಂದು ಎದ್ದುಬಿಡುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೆ ನನಗೇನೂ ಬೇಸರವಿಲ್ಲ.

ನಮ್ಮವರು ಸೌದಿಯ ದಮ್ಮಾಮಿನ ಒಂದು ಟ್ರಾಫಿಕ್ ಕಂಪನಿಯಲ್ಲಿ ಎಂಜಿನಿಯರ್. ಹೈವೇಗೆ ಹತ್ತುವ ರ‍್ಯಾಂಪಿನಲ್ಲೇ ಸಿಗ್ನಲ್ ಇಟ್ಟು, ಒಂದು ಹಸಿರಿಗೆ ಒಂದೇ ಕಾರು ಬಿಟ್ಟರೆ ಮೇಲೆ ಜಾಮ್ ಆಗುವುದಿಲ್ಲ ಎಂಬುದು ಅವರ ಪ್ರಾಜೆಕ್ಟ್. "ಓಡುವವರನ್ನು ನಿಲ್ಲಿಸಿ ಬೇಗ ತಲುಪಿಸುವುದಾ? ಎಂತ ಲಾಜಿಕ್ ಇದು?" ಎಂದು ನಾನು ನಗುತ್ತಿದ್ದೆ. ಅವರು ಅಡುಗೆಮನೆಗೆ ಬಂದು, ಬಾಟಲಿಗೆ ಅಕ್ಕಿ ಸುರಿಯುವ ನನ್ನ ಕೈ ಹಿಡಿದು, "ಒಮ್ಮೆಲೇ ಸುರಿದರೆ ಆಲಿಕೆಯಲ್ಲಿ ಕಟ್ಟಿಕೊಳ್ತದೆ ನೋಡು. ಸ್ವಲ್ಪ ಸ್ವಲ್ಪ ಬಿಡು" ಎನ್ನುತ್ತಿದ್ದರು. ಮತ್ತೆ ಐದೂ ಬೆರಳ ತುದಿ ಕೂಡಿಸಿ, ಮೇಲಕ್ಕೆ ಹಿಡಿದು, ಕೈಯನ್ನು ಮೆಲ್ಲಗೆ ಅಲುಗಿಸುವುದು. ಸ್ವಲ್ಪ ತಾಳು ಎನ್ನಲು ಇಲ್ಲಿಯ ಅರಬರು ಮಾಡುವ ಸನ್ನೆ ಅದು. ಊಟಕ್ಕೆ ಕರೆದರೂ ಅದೇ ಕೈ, ಊರಿಗೆ ಹೋಗೋಣ ಎಂದರೂ ಅದೇ ಕೈ. ಮದುವೆಯಾದಂದಿನಿಂದ ಆ ಕೈ ನೋಡಿ ರೇಗಿದವಳು ನಾನು.

ಆ ಜೂನಿನಲ್ಲಿ ಅವರು ಆಸ್ಪತ್ರೆಯಲ್ಲಿದ್ದರು. ಸ್ನಾನಕ್ಕೆಂದು ನಾನು ಮನೆಗೆ ಬಂದಿದ್ದಾಗ ಫೋನ್ ಬಂತು, ಕೂಡಲೇ ಬನ್ನಿ ಎಂದು. ಪಕ್ಕದ ಫ್ಲ್ಯಾಟಿನ ರೈಹಾನಾ ಕಾರು ತೆಗೆದಳು. ಭಟ್ಕಳದ ಹುಡುಗಿ, ಹೊಸದಾಗಿ ಬಂದವಳು. ನಮ್ಮವರನ್ನು ಒಮ್ಮೆಯೂ ಕಂಡವಳಲ್ಲ.

ರ‍್ಯಾಂಪಿನಲ್ಲಿ ನಾವೇ ಮುಂದೆ, ಅವರೇ ಇಡಿಸಿದ ಸಿಗ್ನಲ್ಲಿನ ಎದುರು. ಕೆಂಪು. ಮೇಲೆ ಹೈವೇ ಖಾಲಿ ಹೊಡೆಯುತ್ತಿದೆ, ಆದರೂ ಕೆಂಪು ಹೋಗುತ್ತಲೇ ಇಲ್ಲ.

"ಹಾರಿಸು ಮಾರಾಯ್ತಿ!"

"ಕ್ಯಾಮೆರಾ ಉಂಟು ಆಂಟಿ. ಫೈನ್ ಬಂದ್ರೆ ನಮ್ಮನೆಯವರು ಕೀ ಕಿತ್ಕೊಳ್ತಾರೆ."

"ನಿನ್ನ ಕೀಗೆ ನಾನು ಜವಾಬ್ದಾರಿ. ಅಲ್ಲಿ ನನ್ನ ಗಂಡ ಸಾಯ್ತಾ ಇದ್ದಾರೆ!"

ಆಗ ಕಂಡರು. ಸಿಗ್ನಲ್ ಕಂಬದ ಬುಡದಲ್ಲಿ, ಆಫೀಸಿನ ಎಸಿಗೆಂದು ನಾನು ಹೆಣೆದುಕೊಟ್ಟ ಕಂದು ಸ್ವೆಟರ್ ಹಾಕಿಕೊಂಡು ನಿಂತಿದ್ದರು. ಎಡತೋಳು ಒಂದಿಷ್ಟು ಉದ್ದ. ನನ್ನ ಹೆಣಿಗೆ ತಪ್ಪಿತ್ತು, ಬಿಚ್ಚಲು ಅವರು ಬಿಟ್ಟಿರಲಿಲ್ಲ. ಬೆರಳು ಕೂಡಿಸಿ ಕೈ ಅಲುಗಿಸಿದರು. ತಾಳು.

ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಗಾಜು ಇಳಿಸಿ ಕಿರುಚಿದೆ: "ನಿಮ್ಮ ಸಿಗ್ನಲ್ಲಿಗೆ ಬೆಂಕಿ ಬೀಳಲಿ! ಬಿಡ್ರೀ ದಾರಿ!" ಅವರು ನನ್ನನ್ನೇ ನೋಡುತ್ತಿದ್ದರು. ಮಸೀದಿಯಿಂದ ಇಳಿಹೊತ್ತಿನ ನಮಾಜಿನ ಕರೆ, ಅಸರ್ ಬಾಂಗ್ ಕೇಳಿಸಿತು. ಕೈ ಇಳಿಯಿತು, ಹಸಿರು ಬಂತು.

ಆಸ್ಪತ್ರೆಯಲ್ಲಿ ಪರದೆ ಎಳೆದಾಗಿತ್ತು. ಬಾಂಗ್ ಆಗುವಾಗಲೇ ಹೋದರಂತೆ. ಕೇರಳದ ನರ್ಸ್ ನನ್ನ ಭುಜ ಹಿಡಿದು, "ಮ್ಯಾಡಮ್, ಯೂ ಆರ್ ಲಕ್ಕಿ. ಕೊನೆಗೆ ತುಂಬಾ ಒದ್ದಾಡಿದರು. ನೀವು ನೋಡದಿದ್ದದ್ದೇ ಒಳ್ಳೆಯದಾಯಿತು" ಎಂದಳು. ಲಕ್ಕಿ ಅಂತೆ! ಆ ಕೈ ಹಿಡಿದುಕೊಳ್ಳಲು ನಾನಿರಬೇಕಿತ್ತು. ಬೇರೆ ಯಾರಿಗಿತ್ತು ಆ ಹಕ್ಕು?

ಬಿಸಿಲು, ಟೆನ್ಶನ್, ತಲೆ ಕೆಟ್ಟಿತ್ತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಮರುದಿನ ರೈಹಾನಾ ಗಂಜಿ ತಂದುಕೊಟ್ಟು ಮೆಲ್ಲಗೆ ಕೇಳಿದಳು: "ಆಂಟಿ, ನಿನ್ನೆ ನೀವು ಬೈದಿರಲ್ಲ ಆ ರಿಪೇರಿಯವನಿಗೆ, ಪಾಪ, ಆ ಬಿಸಿಲಿಗೆ ಸ್ವೆಟರ್ ಎಂತಕ್ಕೆ ಹಾಕಿದ್ದ? ಅದೂ ಒಂದು ತೋಳು ಉದ್ದದ್ದು."

ಕಪಾಟು ತೆರೆದೆ. ಅವರು ಆಸ್ಪತ್ರೆ ಸೇರಿದಾಗ ನಾನು ಮಡಚಿಟ್ಟ ಹಾಗೆಯೇ ಇತ್ತು ಸ್ವೆಟರ್, ನುಸಿಗುಳಿಗೆ ಸಮೇತ.

ಅದೆಂತದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ರ‍್ಯಾಂಪಿನವರೆಗೆ ಬರಲು ಸಾಧ್ಯವಿದ್ದ ಮನುಷ್ಯ ಹಸಿರು ಕೊಟ್ಟು ನನ್ನನ್ನು ಕರೆಸಿಕೊಳ್ಳಬಹುದಿತ್ತಲ್ಲ? ಯಾರನ್ನು ಕೇಳಲಿ? ಈಗಲೂ ಆ ಕಂಬ ಬಂದರೆ ಗಾಜು ಇಳಿಸಿ ನಾನೂ ಐದು ಬೆರಳು ಕೂಡಿಸಿ ಕೈ ಎತ್ತುತ್ತೇನೆ. ಸ್ವಲ್ಪ ತಾಳಿ, ನನ್ನ ಜಗಳ ಇನ್ನೂ ಮುಗಿದಿಲ್ಲ. ಆದರೆ ನಾನು ಬಂದ ಕೂಡಲೇ ಆ ಹಾಳು ದೀಪ ಹಸಿರಾಗಿಬಿಡುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ.