ನೀಲವ್ವ ಹೇಳಿರಲಿಲ್ಲ

ಆ ಮಾತನ್ನು ಹೊರಗೆ ಹಾಕಿದವಳು ನೀಲವ್ವ ಅಲ್ಲ—ನಾನು. ನೀಲವ್ವ ಬದುಕಿರುವ ತನಕ ಇದನ್ನು ನಾನು ಹೇಳಲಿಲ್ಲ. ಈಗ ಹೇಳುತ್ತಿರುವುದರಲ್ಲಿ ದೊಡ್ಡತನವೇನೂ ಇಲ್ಲ. ಮೊದಲು ಕೇಳಬೇಕಾಗಿದ್ದವಳೇ ಹೋಗಿಬಿಟ್ಟಿದ್ದಾಳೆ.

ನಾನು ರೋಣದವಳು. ಅಪ್ಪನದು ಕಡಲೆ, ಹತ್ತಿಯ ವ್ಯಾಪಾರ. ನಮ್ಮ ಮನೆತನದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನೇ. ಪ್ರಶ್ನೆ ಹೇಗೆ ಕೇಳಬೇಕು, ಅಡಿಟಿಪ್ಪಣಿ ಎಲ್ಲಿ ಹಾಕಬೇಕು—ಎಲ್ಲವನ್ನೂ ಅಲ್ಲಿಯೇ ಕಲಿತೆ. ಇನ್ನೊಂದನ್ನೂ ಕಲಿಸಿದ್ದರು: ಸಂದರ್ಶನ ಕೊಟ್ಟವರ ಹೆಸರು ಬದಲಿಸಿದರೆ ಸಾಲದು, ಗುರುತೇ ಸಿಗದಂತೆ ಬರೆಯಬೇಕು, ಒಪ್ಪಿಗೆಯಿಲ್ಲದೆ ಅವರ ಒಂದು ಮಾತನ್ನೂ ಬಳಸಬಾರದು. ಪರೀಕ್ಷೆಯಲ್ಲಿ ಇದನ್ನೇ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಹಾಗಾಗಿ, ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಪಿಎಚ್‌ಡಿಗೆ ಗಜೇಂದ್ರಗಡದ ನೇಕಾರ ಹೆಣ್ಣುಮಕ್ಕಳ ಬದುಕನ್ನು ಆರಿಸಿಕೊಂಡೆ. ಅಲ್ಲಿ ಸಿಕ್ಕವಳು ಗಂಗವ್ವ. ಗಂಡ ತೀರಿಕೊಂಡಿದ್ದ. ಮಗ್ಗವನ್ನು ತಾನೇ ನಡೆಸಿ ಮಗಳು ಸುಮಾಳನ್ನು ನರ್ಸಿಂಗ್ ಓದಿಸುತ್ತಿದ್ದಳು. ನಾನು ಅವಳನ್ನು ದೊಡ್ಡವ್ವ ಎನ್ನುತ್ತಿದ್ದೆ. ಅವಳು ನನ್ನನ್ನು ತಂಗಿ ಎಂದು ಕರೆದು ರೊಟ್ಟಿ ತಿನ್ನಿಸದೆ ಕಳಿಸುತ್ತಿರಲಿಲ್ಲ. ಎದುರು ಮನೆಯ ನೀಲವ್ವ ಅವಳ ಬಾಲ್ಯದ ಗೆಳತಿ. ಇಬ್ಬರ ತವರೂ ಹೊಳೆಆಲೂರು. ಹಗಲೆಲ್ಲ ಒಬ್ಬರ ಮನೆಯಲ್ಲಿ ಇನ್ನೊಬ್ಬರು.

ಒಂದು ಮಧ್ಯಾಹ್ನ ಗಂಗವ್ವ ಲಾಳಿ ನಿಲ್ಲಿಸಿ, ನಾನು ಕೇಳದಿದ್ದ ಮಾತೊಂದನ್ನು ಹೇಳತೊಡಗಿದಳು. ಅವಳಿಗೆ ಮೊದಲೊಂದು ಮದುವೆಯಾಗಿತ್ತು. ಆ ಗಂಡನ ಹೊಡೆತ ತಾಳಲಾರದೆ ಬಸುರಿಯಾಗಿಯೇ ಓಡಿಬಂದವಳನ್ನು ನೀಲವ್ವ ಬಚ್ಚಿಟ್ಟುಕೊಂಡು, ಈಗ ತೀರಿಕೊಂಡಿರುವ ಈ ನೇಕಾರನಿಗೆ ಎಲ್ಲವನ್ನೂ ತಿಳಿಸಿ ಮದುವೆ ಮಾಡಿಸಿದ್ದಳು. ಸುಮಾ ಅವನ ಮಗಳಲ್ಲ. ಅದು ಸುಮಾಳಿಗೂ ಗೊತ್ತಿರಲಿಲ್ಲ.

"ಇದನ್ನ ಬರೀಬ್ಯಾಡ ತಂಗಿ. ನೀಲವ್ವ ಒಬ್ಬಾಕಿಗೆ ಗೊತ್ತೈತಿ, ಈಗ ನಿನಗ."

"ಇಲ್ಲ ದೊಡ್ಡವ್ವ, ಬರಿಯೂದಿಲ್ಲ," ಎಂದೆ. ಹಾಗೆ ಹೇಳುವಾಗಲೂ ಪಕ್ಕದಲ್ಲಿದ್ದ ಮೊಬೈಲಿನಲ್ಲಿ ರೆಕಾರ್ಡಿಂಗ್ ನಡೆದೇ ಇತ್ತು. ಆಫ್ ಮಾಡಲಿಲ್ಲ. ಅಳಿಸಲೂ ಇಲ್ಲ.

ಅಧ್ಯಾಯವನ್ನು ನೋಡಿದ ಮಾರ್ಗದರ್ಶಕರು, "ಉಲ್ಲೇಖ ಎಲ್ಲಾ ಚಲೋ ಅದಾವ. ಆದ್ರ ಇದರಾಗ ಜೀವ ಇಲ್ಲ ನೋಡವಾ," ಎಂದರು. ಆ ಸಂಜೆಯೇ ಗಂಗವ್ವನ ಕಥೆಯನ್ನು ಸೇರಿಸಿದೆ. ಓದಿ ಅವರ ಮುಖ ಅರಳಿತು. ಆದರೂ ಕೇಳಿದರು: "ಅವರ ಒಪ್ಪಿಗಿ ತಗೊಂಡೀ ಹೌದಿಲ್ಲೋ?"

"ತಗೊಂಡೀನ್ರಿ ಸರ್."

ಹೆಸರನ್ನು ಬದಲಿಸಿದ್ದೆ, ನಿಜ. ಉಳಿದದ್ದೆಲ್ಲ ಹಾಗೇ ಇತ್ತು—ಹೊಳೆದಂಡೆಯ ತವರು, ಕೋಟೆಯ ಬುಡದ ಓಣಿ, ನರ್ಸಿಂಗ್ ಓದುವ ಒಬ್ಬಳೇ ಮಗಳು. ತೆಗೆಯಬಹುದಿತ್ತು. ತೆಗೆದರೆ ಬರಹ ಸಪ್ಪೆಯಾಗುತ್ತದೆ ಅನ್ನಿಸಿತು. ವಿಚಾರ ಸಂಕಿರಣದಲ್ಲಿ ಅದನ್ನು ಓದಿದಾಗ ಚಪ್ಪಾಳೆ ಬಿತ್ತು. ಆಮೇಲೆ ಲೇಖನವಾಗಿ ಅಚ್ಚೂ ಆಯಿತು.

ಅಷ್ಟರಲ್ಲಿ ನರಗುಂದದ ಒಂದು ಮನೆತನದೊಂದಿಗೆ ಸುಮಾಳ ಸಂಬಂಧ ಗೊತ್ತಾಗಿತ್ತು. ಹುಡುಗನ ಅಣ್ಣ ಕಾಲೇಜಿನಲ್ಲಿ ಕಲಿಸುವವನು. ಆ ಲೇಖನ ಅವನ ಕೈಗೆ ಹೋಯಿತು. ಅವರು ಎಲ್ಲಿಂದ ತಿಳಿಯಿತೆಂದು ಹೇಳಲಿಲ್ಲ. ಮನೆಗೆ ಬಂದು, ಸುಮಾಳ ಎದುರಿಗೇ, ಹುಟ್ಟಿನ ಮಾತೆತ್ತಿ ಸಂಬಂಧ ಮುರಿದು ಹೋದರು. ಅದೇ ಅಣ್ಣ ಮುಂದೊಂದು ದಿನ ನನಗೆ ಸಿಕ್ಕು, "ನಿಮ್ಮ ಲೇಖನ ನಮ್ಮನ್ನ ಉಳಿಸ್ತು ನೋಡ್ರಿ," ಎಂದು ನಕ್ಕ.

ಸಂಬಂಧ ಮುರಿದ ಹೊಸತರಲ್ಲಿ, ಇನ್ನೂ ಇದ್ಯಾವುದೂ ಗೊತ್ತಿಲ್ಲದೆ, ಪದವಿ ಬಂದ ಖುಷಿಗೆ ಪೇಢೆ ಹಿಡಿದುಕೊಂಡು ಗಂಗವ್ವನ ಮನೆಗೆ ಹೋದೆ. ಅಂಗಳದಲ್ಲಿ ನೀಲವ್ವ ನಿಂತಿದ್ದಳು. ಹೊಸ್ತಿಲ ಮೇಲಿಂದ ಗಂಗವ್ವ ಕೂಗುತ್ತಿದ್ದಳು: "ನಿನ್ನ ಬಿಟ್ರ ಯಾರಿಗೆ ಗೊತ್ತಿತ್ತು ಹೇಳು!"

"ನನ್ನ ಮಕ್ಕಳಾಣಿ ಗಂಗೀ, ನಾ ಹೇಳಿಲ್ಲ."

ಆಗ ಗಂಗವ್ವ ನನ್ನ ಕಡೆ ತಿರುಗಿದಳು. "ತಂಗಿ, ನೀ ಏನರ ಯಾರ ಮುಂದರ ಅಂದಿಯೇನ?"

ಒಂದು ಕ್ಷಣ—ಹೇಳಬಹುದಿತ್ತು.

"ಇಲ್ಲ ದೊಡ್ಡವ್ವ," ಎಂದೆ.

ನೀಲವ್ವ ನನ್ನನ್ನೇ ನೋಡಿದಳು. ಸೆರಗನ್ನು ಸರಿಪಡಿಸಿಕೊಂಡು ತನ್ನ ಮನೆಗೆ ನಡೆದಳು. ಆಮೇಲೆ ಆ ಎರಡು ಬಾಗಿಲುಗಳ ನಡುವೆ ಮಾತಿಲ್ಲ. ಸುಮಾ ಓದು ಮುಗಿಸಿ ಹುಬ್ಬಳ್ಳಿಯ ದವಾಖಾನೆ ಸೇರಿದಳು. ತಾಯಿಯ ಬಳಿ ಬರುವುದೇ ಅಪರೂಪವಾಯಿತು. ನನಗೆ ನೌಕರಿ ಸಿಕ್ಕಿತು. ಸಂಶೋಧನೆಯ ನೀತಿಯನ್ನೇ ಪಾಠ ಮಾಡುತ್ತೇನೆ—ಪ್ರತಿ ವರ್ಷವೂ, ತಡವರಿಸದೆ.

ಕಳೆದ ಬೇಸಿಗೆಯಲ್ಲಿ ನೀಲವ್ವ ತೀರಿಕೊಂಡಳು. ಮಣ್ಣು ಮಾಡುವಾಗಲೂ ಗಂಗವ್ವ ಹೋಗಲಿಲ್ಲವಂತೆ. ಅದನ್ನು ಕೇಳಿದ ಮೇಲೆಯೇ ನನ್ನ ಕಾಲು ಗಜೇಂದ್ರಗಡದ ಕಡೆ ಎದ್ದದ್ದು.

ಎಲ್ಲವನ್ನೂ ಹೇಳಿದೆ. ಗಂಗವ್ವ ಬೈಯಲಿಲ್ಲ. "ಆಕಿ ಸುಳ್ಳು ಅಂತ ತಿಳಕೊಂಡು ಹ್ಯಾಂಗೋ ಇದ್ದೆ. ಈಗ ಹ್ಯಾಂಗ ಇರ್ಲಿ?" ಎಂದಳು. ಆಮೇಲೆ ಎದುರು ಮನೆ ತೋರಿಸಿದಳು. "ಹೋಗಿ ಅಲ್ಲಿ ಹೇಳು. ನನಗ ಆ ಮನಿಗೆ ಹೋಗಾಕ ಮುಖ ಇಲ್ಲ."

ಹೋದೆ. ನೀಲವ್ವನ ಮಗ ನಿಂತುಕೊಂಡೇ ಕೇಳಿದ.

"ಅವ್ವಗ ಅವತ್ತ ತಿಳದಿತ್ರಿ ಅಕ್ಕಾರ, ನಿಮ್ಮ ಮುಖ ನೋಡಿ. ನಾ, ಹೋಗಿ ಗಂಗವ್ವಗ ಹೇಳಬೇ ಅಂದ್ರ, 'ನನ್ನ ಆಣಿನ ನಂಬಲಾರದಾಕಿ ಇದನ್ನ ನಂಬ್ತಾಳೇನ' ಅಂದ್ಲು. ಕಡೀತನಾ ಬಾಗಿಲ ಕಡೆ ನೋಡಕೋತ ಮಲಗಿದ್ಲ್ರಿ—ಗಂಗವ್ವ ಬರ್ತಾಳಂತ."

ಹೊರಗೆ ಬಂದಾಗ ಗಂಗವ್ವ ಹೊಸ್ತಿಲಲ್ಲೇ ಕಾಯುತ್ತಿದ್ದಳು. "ಏನಂದ?" ಎಂದಳು.

ಕೊನೆಯ ಮಾತನ್ನು ನುಂಗಿಬಿಡಬಹುದಿತ್ತು. ಅದು ದಯೆಯೋ, ಮತ್ತೊಂದು ಸುಳ್ಳೋ—ನನಗೆ ತಿಳಿಯಲಿಲ್ಲ. ಅವನು ಹೇಳಿದ್ದನ್ನು ಹೇಳಿದಂತೆಯೇ ಹೇಳಿದೆ. ಗಂಗವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಲೇಖನವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಕಾರಣವನ್ನೂ ಬರೆದು ಕೊಟ್ಟಿದ್ದೇನೆ. ಪದವಿಯ ಗತಿ ಏನಾಗುವುದೋ ಆಗಲಿ. ಹುಬ್ಬಳ್ಳಿಗೆ ಇನ್ನೂ ಹೋಗಿಲ್ಲ. ಸುಮಾಳ ಎದುರು ನಿಲ್ಲುವುದು ಬಾಕಿಯಿದೆ.