ಮೂಕಮ್ಮಾಳ್ ಕೋವಿಯ ಹೊಟ್ಟೆ

ಕಂಬಂ ಪೇಟೆಯ ಪಡುವಣಕ್ಕೆ, ದ್ರಾಕ್ಷಿ ಚಪ್ಪರಗಳು ಮುಗಿದು ಮಲೆ ಏರಲು ತೊಡಗುವ ಕಡೆ, ಮೂಕಮ್ಮಾಳ್‌ಗೆ ಒಂದು ಬಾಳೆತೋಟವಿತ್ತು, ಒಂದು ಕೋವಿಯಿತ್ತು. ತೋಟ ಗಂಡ ಅಯ್ಯನಾರ್ ಕಡೆಯದು. ಕೋವಿ ತವರಿನದು. ತಂದೆ ಮಾದವನ್‌ಗೆ ಅವಳೊಬ್ಬಳೇ ಮಗಳು. ಅವರು ತೀರಿಕೊಂಡ ಮೇಲೆ ಬೆಳೆ ಕಾಯುವ ಲೈಸೆನ್ಸು ಅವಳ ಹೆಸರಿಗೆ ಬಂದಿತ್ತು.

“ಎಲ್ರ ಎಂಡ್ರೂ ತವ್ರಿಂದ ಬೀರೋ ತಂದ್ರು, ನಮ್ಮನೆಯೋಳು ತುಪ್ಪಾಕ್ಕಿ ತಂದ್ಲು” ಎಂದು ಅಯ್ಯನಾರ್ ಟೀ ಅಂಗಡಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

ಅವಳು ಆ ಕೋವಿಯಿಂದ ಒಂದು ಮೊಲವನ್ನೂ ಹೊಡೆದವಳಲ್ಲ. ಆನೆ ಇಳಿದಾಗ ಆಕಾಶಕ್ಕೆ ಹಾರಿಸುತ್ತಿದ್ದಳು, ಅಷ್ಟೇ. ಆದರೆ ಅದರ ಒಳಗನ್ನು ಅವಳು ಬಲ್ಲಳು. ಬಾಗಿಲ ಅಗುಳಿಯ ಹಾಗೆ ಎತ್ತಿ ಹಿಂದಕ್ಕೆಳೆಯುವ ಬೋಲ್ಟು. ಅದರ ಕೆಳಗೆ ಕಳಚಿ ಹಾಕಬಹುದಾದ, ಅಂಗೈಯಗಲದ ಒಂದು ತಗಡಿನ ಪೆಟ್ಟಿಗೆ. ಮ್ಯಾಗಜೀನ್ ಎಂದು ಅಂಗಡಿಯವರು ಹೇಳುತ್ತಿದ್ದರು. ಅವಳು ಹೊಟ್ಟೆ ಎನ್ನುತ್ತಿದ್ದಳು.

ಹೊಟ್ಟೆಯ ತಳದಲ್ಲಿ ಮಡಿಸಿಟ್ಟ ರಿಬ್ಬನ್ನಿನಂಥ ಸ್ಪ್ರಿಂಗು. ಅದರ ತಲೆಯ ಮೇಲೊಂದು ಪುಟ್ಟ ಕಬ್ಬಿಣದ ಮಣೆ. ತೋಟಾಗಳನ್ನು ಒಂದರ ಮೇಲೊಂದು ಹೆಬ್ಬೆರಳಿನಿಂದ ಒತ್ತಿದರೆ ಮಣೆ ಇಳಿಯುತ್ತದೆ, ಸ್ಪ್ರಿಂಗು ಕುಗ್ಗಿ ಕಾಯುತ್ತದೆ. ಪೆಟ್ಟಿಗೆಯ ತುಟಿಗಳು ಒಳಕ್ಕೆ ಬಾಗಿರುವುದರಿಂದ ಮೇಲಿನ ತೋಟಾ ಹಾರಿಹೋಗದೆ ಅಲ್ಲೇ ತಡೆದು ನಿಲ್ಲುತ್ತದೆ. ಬೋಲ್ಟನ್ನು ಮುಂದಕ್ಕೆ ತಳ್ಳಿದಾಗ ಅದು ತುಟಿಯಡಿಯಿಂದ ಜಾರಿ ನಳಿಗೆ ಸೇರುತ್ತದೆ. ಹಾರಿಸಿ ಹಿಂದಕ್ಕೆಳೆದರೆ ಖಾಲಿ ಚಿಪ್ಪು ಹೊರಕ್ಕೆ. ಅಷ್ಟರಲ್ಲಿ ಇನ್ನೊಂದು ತೋಟಾ ಯಾರೂ ಕರೆಯದೆ ಬಾಯಿಗೆ ಬಂದಿರುತ್ತದೆ. ಪ್ರತಿ ತೋಟಾದ ಬುಡದಲ್ಲೂ ಬಳೆಯಂಥದೊಂದು ಅಂಚು. ಮೇಲಿನದರ ಬಳೆ ಕೆಳಗಿನದಕ್ಕಿಂತ ಮುಂದಿರಬೇಕು, ಇಲ್ಲದಿದ್ದರೆ ಒಂದಕ್ಕೊಂದು ಕೊಕ್ಕೆ ಬೀಳುತ್ತವೆ. ಇದನ್ನು ತಂದೆ ಅವಳ ಬೆರಳು ಹಿಡಿದು ಕಲಿಸಿದ್ದರು. ಎಷ್ಟು ವರ್ಷವಾದರೂ ತೋಟಾ ತುಂಬುವಾಗ ಅವಳು ಉಸಿರು ಬಿಗಿಹಿಡಿಯುತ್ತಿದ್ದಳು.

“ಕಂಬಂ ಬಸ್ ಇದ್ದಂಗೆ ಪುಳ್ಳ. ಇಂದ್ಗಡೆಯೋನು ದೂಕ್ತಾನೆ, ಮುಂದ್ಗಡೆಯೋನು ಒಳೀಕೆ ಓಗ್ತಾನೆ” ಎನ್ನುತ್ತಿದ್ದ ಅಯ್ಯನಾರ್. ಹೆಂಡತಿಯನ್ನು ಅವನು ಪುಳ್ಳ, ಹುಡುಗಿ, ಎಂದೇ ಕರೆಯುತ್ತಿದ್ದ; ಅವಳು ಗಂಡನೊಡನೆ ಮಾತಾಡುವಾಗ ಗೌರವಕ್ಕೆ ಕೊನೆಯಲ್ಲೊಂದು ‘ಅಂಗ’ ಸೇರಿಸುತ್ತಿದ್ದಳು.

“ಬಸ್ಸಲ್ಲಿ ಕಾಲ್ ತುಳೀತಾರಂಗ. ಇದ್ರಲ್ಲಿ ಒಬ್ನೂ ಇನ್ನೊಬ್ನ ಮುಂದೆ ನುಗ್ಗಲ್ಲ.”

ತೊಂಬತ್ತೊಂಬತ್ತರ ಎಲೆಕ್ಷನ್ನಿಗೆ ಲೈಸೆನ್ಸಿದ್ದ ಎಲ್ಲರ ಹಾಗೆ ಅವಳೂ ಕೋವಿಯನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿದಳು. ಅದು ಮನೆಗೆ ಮರಳಿದ್ದು ಆಯುಧಪೂಜೆಯ ಹೊತ್ತಿಗೆ. ಕಳ್ಳರಿಂದ ಕಿತ್ತ ಕತ್ತಿಗಳ ನಡುವೆ ಇದ್ದು ಬಂದದ್ದೆಂದು ಅವಳಿಗೆ ಮನಸ್ಸು ಮುದುಡಿತ್ತು. ಕುಡುಗೋಲು, ಗುದ್ದಲಿ, ಪಂಪ್‌ಸೆಟ್ಟಿಗೆ ಚಂದನ ಹಚ್ಚಿದ ಮೇಲೆ ಕೋವಿಯ ಮೈಗೂ ಹಚ್ಚಿದಳು. ಪ್ರತಿ ವರ್ಷ ಅಲ್ಲಿಗೆ ನಿಲ್ಲಿಸುವವಳು, ಆ ವರ್ಷ ಪೆಟ್ಟಿಗೆ ಕಳಚಿ, ಪನ್ನೀರಲ್ಲಿ ಕಲಸಿದ ಚಂದನವನ್ನು ಒಳಗಿನ ಮಣೆಗೂ ಗೋಡೆಗೂ ದಪ್ಪವಾಗಿ ಬಳಿದಳು.

“ಒಳೀಕೂವಾ?” ಎಂದ ಅಯ್ಯನಾರ್.

“ಬೆನ್ನಿಗೆ ಮಾತ್ರ ಪೂಜೆ ಮಾಡುದ್ರೆ ಸಾಮಿ ಒಪ್ಪುತ್ತಾ? ಎಲ್ಲಾ ಇರೋದು ಒಟ್ಟೇಲಿ ತಾನೇ?”

“ಅಂಗಾರೆ ಒಂದು ವಡೇನೂ ಇಡು.”

ಸಂಜೆ ಆ ಹಸಿ ಚಂದನದ ಮೇಲೆಯೇ ತೋಟಾಗಳನ್ನು ತುಂಬಿ, ಕೋವಿಯನ್ನು ತೋಟದ ಮೋಟರ್ ರೂಮಿನಲ್ಲಿ ಬೀಗ ಹಾಕಿಟ್ಟಳು.

ಹಬ್ಬ ಕಳೆದು ವಾರವಾಗಿರಬೇಕು. ತೋಟದ ಅಂಚಿನಲ್ಲಿ ನಾಲ್ಕು ಬೂರುಗದ ಕಂಬ ನೆಟ್ಟು ಅಟ್ಟಣೆ ಕಟ್ಟಿದ್ದರು; ಅಯ್ಯನಾರ್ ಅದರ ಮೇಲೆ ಕಾವಲು ಮಲಗಿದ್ದ. ಬೆಳಕು ಹರಿಯುವಾಗ ಮೂಕಮ್ಮಾಳ್ ಕಾಪಿ ತಂದಳು. ಅಟ್ಟಣೆಯ ಕೆಳಗೆ ಹೆಬ್ಬಂಡೆಯೊಂದು ನಿಂತಂತಿತ್ತು. ಬಂಡೆ ಕಿವಿ ಬೀಸಿತು.

ಒಂಟಿ ಸಲಗ. ಹಣೆಯನ್ನು ಕಂಬಕ್ಕೆ ಆನಿಸಿ, ಕೋಪವಿಲ್ಲದೆ, ತುರಿಕೆ ತೀರಿಸಿಕೊಳ್ಳುವಂತೆ ಒತ್ತುತ್ತಿತ್ತು. ಬೂರುಗ ಮೆತ್ತಗಿನ ಮರ. ಕಂಬ ಲಟಲಟ ಎನ್ನುತ್ತಿತ್ತು. ಮೇಲೆ ಅಯ್ಯನಾರ್ ಹಲಗೆಯನ್ನು ತಬ್ಬಿಕೊಂಡಿದ್ದ.

ಅವಳು ಕಾಪಿ ಎಸೆದು ಓಡಿಹೋಗಿ ಮೋಟರ್ ರೂಮಿನ ಬೀಗ ತೆಗೆದು ಕೋವಿ ತಂದು, ಬೋಲ್ಟು ತಳ್ಳಿ ಆಕಾಶಕ್ಕೆ ಹಾರಿಸಿದಳು. ಮಲೆ ಆ ಸದ್ದನ್ನು ಹಿಂದಕ್ಕೆ ಕಳಿಸಿತು. ಆನೆ ಬಾಳೆಯ ನಡುವೆ ಹಿಂದೆ ಸರಿದು, ಯೋಚಿಸಿದಂತೆ ನಿಂತು, ಮತ್ತೆ ಬಂದು ಕಂಬಕ್ಕೆ ಹಣೆಯಿಟ್ಟಿತು. ಈ ಸಲ ಕಂಬ ಸೀಳಿತು.

ಬೋಲ್ಟು ಎಳೆದಳು. ಚಿಪ್ಪು ಹಾರಿತು. ಮುಂದಕ್ಕೆ ತಳ್ಳಿದಳು. ಕೈಗೆ ಭಾರವೇ ತಾಗಲಿಲ್ಲ. ಬೋಲ್ಟು ಬರಿದಾಗಿ ಜಾರಿತು. ಮತ್ತೆ ಎಳೆದು ಇಣುಕಿದಳು. ತೋಟಾಗಳು ತುಟಿಗೆ ಬಾರದೆ ಕೆಳಗೇ ಸಡಿಲವಾಗಿ ಬಿದ್ದಿದ್ದವು. ಸುತ್ತ ಹಳದಿ ಚಂದನ ಕೆರೆಯಂಗಳದಂತೆ ಒಣಗಿ ಬಿರಿದಿತ್ತು. ಮಣೆಯನ್ನು ಕಚ್ಚಿ ಹಿಡಿದಿತ್ತು.

“ಸುಡು ಪುಳ್ಳ!”

“ಮೇಲೆ ಬರಲ್ಲಂಗ!”

“ಏನು ಬರಲ್ಲ?”

“ತೋಟಾ! ಚಂದನ ಇಡ್ಕೊಂಡದೆ!”

“ಬಾ ಅಂತ ನೀನೇ ಯೋಳು, ನನ್ ಮಾತು ಯಾರು ಕೇಳ್ತಾರೆ!”

ಅಟ್ಟಣೆ ಒಂದು ಮಗ್ಗುಲಿಗೆ ಕುಸಿಯಿತು. ಅಯ್ಯನಾರ್‌ನ ಒಂದು ಕಾಲು ಆನೆಯ ಬೆನ್ನಿನ ಮೇಲೆ ತೂಗಾಡುತ್ತಿತ್ತು. ಮೂಕಮ್ಮಾಳ್ ಪೆಟ್ಟಿಗೆ ಕಳಚಿ, ಅದರ ಬೆನ್ನನ್ನು ಮೊಣಕಾಲಿಗೆ ಬಡಿದಳು. ಏನೂ ಆಗಲಿಲ್ಲ. ಹಲ್ಲು ಕಚ್ಚಿ ಮತ್ತೆ ಬಡಿದಳು.

ಟಪ್.

ಮಣೆ ಎದ್ದಿತು. ಅದರ ಮೇಲಿನ ತೋಟಾ ತುಟಿಗೆ ಬಂದು ನಿಂತು ಹೊಳೆಯಿತು. ಒಂದು ವಾರ ಆ ತೆಳ್ಳಗಿನ ಸ್ಪ್ರಿಂಗು ಕತ್ತಲೆಯಲ್ಲಿ, ಒಣಗುತ್ತಿದ್ದ ಚಂದನದಡಿ, ಯಾರಿಗೂ ಹೇಳದೆ ಮೇಲಕ್ಕೆ ಒತ್ತುತ್ತಲೇ ಇತ್ತು. ಸೋತಿರಲಿಲ್ಲ, ದಾರಿ ಸಿಕ್ಕಿರಲಿಲ್ಲ ಅಷ್ಟೆ.

ಪೆಟ್ಟಿಗೆ ಹಾಕಿ ಬೋಲ್ಟು ತಳ್ಳಿದಳು. ಈಗ ಭಾರ ತಾಗಿತು. ಹಾರಿಸಿದಳು. ಎಳೆದಳು, ತಳ್ಳಿದಳು, ಹಾರಿಸಿದಳು. ಸದ್ದಿನ ಹಿಂದೆಯೇ ಸದ್ದು ಬಂದಾಗ ಆನೆ ಹಣೆ ತೆಗೆಯಿತು. ಅವಳನ್ನು ನೋಡಿತು. ಅಷ್ಟು ದೊಡ್ಡ ಕಣ್ಣಲ್ಲ ಅದು, ಆದರೂ ಆ ನೋಟದಲ್ಲಿ ಅವಳು ಚಿಕ್ಕವಳಾಗಿಬಿಟ್ಟಳು.

“ಓಗ್ಬುಡು ಪಿಳ್ಳೆಯಾರಪ್ಪಾ” ಎಂದಳು. ಗಣಪತಿಯನ್ನೇ ಬೇಡಿಕೊಂಡ ಹಾಗಿತ್ತು.

ಅದು ತಿರುಗಿತು. ಬಾಳೆಗಿಡಗಳು ಅದಕ್ಕೆ ದಾರಿ ಬಿಟ್ಟು ಮತ್ತೆ ಮುಚ್ಚಿಕೊಂಡವು.

ಅಯ್ಯನಾರ್ ಉಳಿದ ಕಂಬ ಹಿಡಿದು ಜಾರಿ ಇಳಿದು, ನೆಲದ ಮೇಲೆ ಕೂತುಬಿಟ್ಟ.

“ಕಾಪಿ ಎಲ್ಲಿ?”

“ಬಿಸಾಕ್ಬುಟ್ಟೆ.”

“ಅದಕ್ಕೂ ಚಂದನ ಆಕಿದ್ಯಾ?”

ಅವಳು ಪಕ್ಕದಲ್ಲಿ ಕುಳಿತು, ಬೋಲ್ಟು ಎಳೆದು ನಳಿಗೆ ಖಾಲಿಯೆಂದು ನೋಡಿ, ಪೆಟ್ಟಿಗೆ ಕಳಚಿ, ಉಳಿದ ತೋಟಾಗಳನ್ನು ತೆಗೆದು ಸೆರಗಿಗೆ ಹಾಕಿಕೊಂಡಳು. ಬೆರಳಿನಿಂದ ಚಂದನದ ಹಕ್ಕಳೆ ಕೆರೆದು ಊದಿದಳು. ಆಮೇಲೆ ಪೆಟ್ಟಿಗೆಯನ್ನು ಗಂಡನ ಅಂಗೈಗಿಟ್ಟಳು.

ಇಷ್ಟು ವರ್ಷದಲ್ಲಿ ಅವನು ಅದನ್ನು ಮುಟ್ಟಿರಲಿಲ್ಲ. ಹೆಬ್ಬೆರಳಿನಿಂದ ಮಣೆಯನ್ನು ಒತ್ತಿದ. ಅದು ಅವನ ಬೆರಳನ್ನು ಮೇಲಕ್ಕೆ ಒತ್ತಿತು. ಮತ್ತೆ ಒತ್ತಿದ, ಮತ್ತೆ ಅದು ಎದ್ದಿತು. ಮಲೆಯ ಇಳಿಜಾರಿನ ಬಿಸಿಲಲ್ಲಿ ಆನೆಯ ಬೆನ್ನು ಹುಲ್ಲಿನ ಮೇಲೆ ಕಂಡೂ ಕಾಣದಂತೆ ಏರುತ್ತಿತ್ತು.

“ನೋಡಂಗ, ಸಾಮಿ ಓಗ್ತಾ ಅದೆ” ಎಂದು ಅವಳು ಕೈ ತೋರಿಸಿದಳು.

“ಇರು ಪುಳ್ಳ” ಎಂದ ಅಯ್ಯನಾರ್, ತಲೆ ಎತ್ತದೆ, ಇನ್ನೊಮ್ಮೆ ಮೆಲ್ಲಗೆ ಒತ್ತುತ್ತಾ.