ಅರ್ಧಪ್ಪನ ಎಡಗಡೆ

ಇಪ್ಪತ್ತನಾಲ್ಕು ವರ್ಷಗಳಿಂದ ಮಕ್ಕಳಿಗೆ ಹೇಳಿಕೊಂಡು ಬಂದ ಒಂದು ಮಾತನ್ನು ನಾನೇ ನಂಬಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಹೋದ ವರ್ಷ. ನಾನು ದಾಂಡೇಲಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ‘ಮನುಷ್ಯನಿಗೆ ಎರಡು ಮೂತ್ರಪಿಂಡಗಳಿವೆ, ಆದರೆ ಒಂದೇ ಇದ್ದರೂ ಆರಾಮಾಗಿ ಬದುಕಬಹುದು’ ಎಂದು ವರ್ಷಕ್ಕೊಮ್ಮೆ, ಸೀಮೆಸುಣ್ಣದ ಕೈ ಕೊಡವಿಕೊಳ್ಳುತ್ತ ಹೇಳುತ್ತೇನೆ. ಬೇರೆಯವರ ಹೊಟ್ಟೆಯ ವಿಷಯ ಮಾತಾಡುವಾಗ ಧೈರ್ಯಕ್ಕೇನು ಬರ?

ಈ ಮಾತು ಹೇಳುವಾಗ ನನ್ನ ಪಕ್ಕದಲ್ಲಿ ಅರ್ಧಪ್ಪ ನಿಂತಿರುತ್ತಾನೆ. ಅರ್ಧಪ್ಪ ಪ್ಲಾಸ್ಟಿಕ್ ಮನುಷ್ಯ. ತಲೆಯಿಂದ ಸೊಂಟದವರೆಗೆ ಮಾತ್ರ ಇದ್ದಾನೆ. ಕೈಯೂ ಇಲ್ಲ, ಕಾಲೂ ಇಲ್ಲ. ಆ ಹೆಸರನ್ನು ನಾನು ಕೆಲಸಕ್ಕೆ ಸೇರುವ ಮೊದಲೇ ಯಾವ ಕಾಲದ ಮಕ್ಕಳೋ ಇಟ್ಟಿದ್ದರು. ಎದೆಯ ಮುಚ್ಚಳ ತೆಗೆದರೆ ಒಳಗಿನ ಭಾಗಗಳೆಲ್ಲ ಒಂದೊಂದಾಗಿ ಕೈಗೆ ಬರುತ್ತವೆ. ತೆಗೆಯುವುದು ಸುಲಭ, ಮರಳಿ ಜೋಡಿಸುವುದು ಕಷ್ಟ. ಯಾವುದಾದರೂ ಒಂದು ಹಿಂದುಮುಂದಾದರೆ ಮುಚ್ಚಳ ಕೂಡುವುದಿಲ್ಲ. ದೇವರ ಕೈಗೆಲಸದ ಮೇಲೆ ನನಗೆ ಭಕ್ತಿ ಹುಟ್ಟಿದ್ದು ಯಾವ ಗುಡಿಯಲ್ಲೂ ಅಲ್ಲ, ಗಂಟೆ ಬಾರಿಸಿದ ಮೇಲೂ ಅರ್ಧಪ್ಪನ ಕರುಳನ್ನು ಒಳಗೆ ತುರುಕುತ್ತ ಒದ್ದಾಡುವಾಗ.

ಮೊದಲು ಹೊರಗೆ ಬರುವುದು ಶ್ವಾಸಕೋಶಗಳು. ಬಲಗಡೆಯದಕ್ಕೆ ಮೂರು ಭಾಗ, ಎಡಗಡೆಯದಕ್ಕೆ ಎರಡೇ. ಹೃದಯಕ್ಕೂ ಜಾಗ ಬೇಕಲ್ಲ! ಹಳಿಯಾಳದ ಬಸ್ಸಿನಲ್ಲಿ ಇನ್ನೊಬ್ಬರಿಗೆ ಸರಿದು ಕೊಡುವ ಹಾಗೆ ಎಡದ್ದು ತುಸು ಮುದುಡಿ ಕೂತಿದೆ. ಹೃದಯ ಅವರವರ ಮುಷ್ಟಿಯಷ್ಟು ದೊಡ್ಡದು. ಒಂದೇ ಗೂಡಿನಲ್ಲಿ ಎರಡು ಪಂಪು: ಬಲಗಡೆಯದು ರಕ್ತವನ್ನು ಶ್ವಾಸಕೋಶಕ್ಕೆ ಕಳಿಸಿ ಗಾಳಿ ತುಂಬಿಸಿಕೊಂಡು ಬಾ ಎನ್ನುತ್ತದೆ, ಎಡಗಡೆಯದು ಹಾಗೆ ಬಂದ ರಕ್ತವನ್ನು ಮೈಗೆಲ್ಲ ಹಂಚುತ್ತದೆ. ಇದು ದಿನಕ್ಕೆ ಸುಮಾರು ಲಕ್ಷ ಸಲ ಬಡಿಯುತ್ತದೆ ಎಂದಾಗ, ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವ ಅಪ್ಪನ ಮಗಳೊಬ್ಬಳು ಎದ್ದು ನಿಂತು, “ಸರ್, ಹಂಗಾರ ಅದಕ್ಕ ವಾರದ ರಜಾ ಯಾವಾಗ್ರಿ?” ಎಂದು ಕೇಳಿದ್ದಳು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಸಿಗುವ ಬಿಡುವೇ ಅದರ ರಜೆ ಎಂದೆ. ಅವಳಿಗೆ ಅದು ತೀರಾ ಅನ್ಯಾಯವೆನಿಸಿತು.

ಪಚನಕ್ರಿಯೆಯ ಪಾಠವನ್ನಂತೂ ಈ ಊರಿನಲ್ಲಿ ನಾನು ಮಾಡಬೇಕಾಗಿಯೇ ಇಲ್ಲ. ಕಾರ್ಖಾನೆಯಲ್ಲಿ ಕಟ್ಟಿಗೆಯ ಚೂರುಗಳನ್ನು ಬೇಯಿಸುವ ದೊಡ್ಡ ಹಂಡೆಗೆ ಡೈಜೆಸ್ಟರ್ ಎಂದೇ ಹೆಸರು. ಮೊದಲು ಸಣ್ಣಗೆ ಕತ್ತರಿಸಬೇಕು, ಆಮೇಲೆ ಔಷಧ ಹಾಕಿ ಬೇಯಿಸಬೇಕು, ಆಮೇಲೆ ತೊಳೆದು ಬೇಕಾದ್ದನ್ನು ಹಿಡಿದಿಟ್ಟು ಬೇಡವಾದದ್ದನ್ನು ಬಿಡಬೇಕು ಎಂಬುದು ಮಕ್ಕಳಿಗೆ ಊಟದ ತಟ್ಟೆಯ ಮುಂದೆಯೇ ತಿಳಿದಿರುತ್ತದೆ. ಹಲ್ಲು, ಜಠರ, ಇಪ್ಪತ್ತು ಅಡಿಯ ಸಣ್ಣಕರುಳು ಎಂದು ನಾನು ಹೆಸರು ಹೇಳಿದರೆ ಸಾಕು. ಹೊರ ಊರಿನಿಂದ ಬಂದವರು ಬಸ್ಸಿಳಿದ ಕೂಡಲೇ ಕಾರ್ಖಾನೆಯ ನಾತಕ್ಕೆ ಮೂಗು ಮುಚ್ಚಿಕೊಳ್ಳುವುದೂ, ನಮಗೆ ಯಾವ ವಾಸನೆಯೂ ತಿಳಿಯದಿರುವುದೂ ಪಾಠಕ್ಕೆ ಬರುತ್ತದೆ. ನಮ್ಮ ಮೂಗು ಕೆಟ್ಟಿಲ್ಲ. ದಿನವೂ ಬರುವ ಅದೇ ಸುದ್ದಿಯನ್ನು ಮಿದುಳು ಕಿವಿಗೆ ಹಾಕಿಕೊಳ್ಳುವುದನ್ನು ಬಿಟ್ಟಿದೆ, ಅಷ್ಟೇ. ಇಲ್ಲದ್ದನ್ನು ಇದೆ ಎಂದು ಹೇಳುವ ಚಾಳಿಯೂ ಈ ಮಿದುಳಿಗೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಎಲ್ಲಕ್ಕಿಂತ ಹಿಂದೆ, ಬೆನ್ನಿಗೆ ಆನಿಕೊಂಡು, ಕೊನೆಗೆ ಕೈಗೆ ಸಿಗುವವು ಮೂತ್ರಪಿಂಡಗಳು. ಇವುಗಳ ಕೆಲಸದ ರೀತಿ ನನಗೆ ಬಹಳ ಹಿಡಿಸುತ್ತದೆ. ಹಬ್ಬದ ಮುಂಚೆ ನಮ್ಮ ಅಕ್ಕ ಕಪಾಟು ಸ್ವಚ್ಛ ಮಾಡುವುದು ಹೀಗೆಯೇ. ಒಳಗಿನದೆಲ್ಲ ಹೊರಗೆ ಸುರಿಯುವುದು, ಒಂದೊಂದನ್ನೇ ನೋಡಿ ಬೇಕಾದದ್ದನ್ನು ಒಳಗಿಡುವುದು, ಉಳಿದ ಒಂದು ಹಿಡಿ ಕಸ ಎಸೆಯುವುದು. ಮೂತ್ರಪಿಂಡವೂ ರಕ್ತದ ನೀರು, ಉಪ್ಪು, ಸಕ್ಕರೆಗಳನ್ನು ಬಿಂದಿಗೆಗಟ್ಟಲೆ ಸೋಸಿ ಹೊರಗೆ ಬಿಟ್ಟು, ಹೆಚ್ಚು ಕಡಿಮೆ ಎಲ್ಲವನ್ನೂ ಮರಳಿ ಎತ್ತಿಕೊಂಡು, ಒಂದು ತಂಬಿಗೆಯಷ್ಟನ್ನು ಮಾತ್ರ ಬೇಡವೆನ್ನುತ್ತದೆ.

ಮಳೆಗಾಲದಲ್ಲಿ ನಮ್ಮೂರಿನಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ, ಅರ್ಧಪ್ಪನಿಗೆ ಬಾರದಿರುತ್ತದೆಯೇ? ಮಳೆ ನಿಂತ ಮೇಲೆ ಅವನನ್ನು ಬಿಚ್ಚಿ, ಒಳಗಿನದನ್ನೆಲ್ಲ ಸಾಬೂನಿನಲ್ಲಿ ತೊಳೆದು, ವರಾಂಡದ ಮುಂದೆ ಗೋಣಿಚೀಲದ ಮೇಲೆ ಒಣಹಾಕುವುದು ನಮ್ಮ ಶಾಲೆಯ ಪದ್ಧತಿ. ಒಂದು ಬದಿಗೆ ಬಿಸಿಯೂಟದವರ ಮೆಣಸಿನಕಾಯಿ, ಇನ್ನೊಂದು ಬದಿಗೆ ಅರ್ಧಪ್ಪನ ಹೃದಯ, ಯಕೃತ್ತು. ಏಳೆಂಟು ವರ್ಷಗಳ ಹಿಂದೆ ಹೀಗೆ ಒಣಹಾಕಿದಾಗ ಮಂಗವೊಂದು ಬಂದು ಎಲ್ಲವನ್ನೂ ಪರೀಕ್ಷಿಸಿ, ಎಡ ಮೂತ್ರಪಿಂಡವನ್ನೆತ್ತಿಕೊಂಡು ಸಾಗವಾನಿ ಮರ ಹತ್ತಿತು. ಕಚ್ಚಿ ನೋಡಿ ಮುಖ ಕಿವುಚಿತು, ಆದರೂ ಬಿಡಲಿಲ್ಲ. ಮಾರುವವರನ್ನು ವಿಚಾರಿಸಿದರೆ, ಬಿಡಿ ಭಾಗ ಸಿಗುವುದಿಲ್ಲ, ಇಡೀ ಮನುಷ್ಯನನ್ನೇ ಕೊಳ್ಳಬೇಕು ಎಂದರು. ಅಂದಿನಿಂದ ಅರ್ಧಪ್ಪನ ಎಡಗಡೆ ಖಾಲಿ. ಆ ವರ್ಷದ ಪರೀಕ್ಷೆಯಲ್ಲಿ ಒಬ್ಬಳು ಬರೆದಳು: ‘ಮನುಷ್ಯನಿಗೆ ಎರಡು ಮೂತ್ರಪಿಂಡಗಳಿರುತ್ತವೆ. ಎಡಗಡೆಯದು ಇರುವುದಿಲ್ಲ.’ ಕಣ್ಣಿಗೆ ಕಂಡದ್ದನ್ನೂ ಪುಸ್ತಕದಲ್ಲಿದ್ದದ್ದನ್ನೂ ಎರಡನ್ನೂ ಬಿಟ್ಟುಕೊಡದ ಈ ಉತ್ತರವನ್ನು ಸ್ಟಾಫ್ ರೂಮಿನಲ್ಲಿ ಓದಿ ಹೇಳಿ ನಗಿಸಿದೆ. ಅರ್ಧ ಅಂಕ ಕೊಟ್ಟೆ.

ಅಕ್ಕನ ಎರಡೂ ಮೂತ್ರಪಿಂಡಗಳು ಕೈಕೊಟ್ಟದ್ದು ಮೂರು ವರ್ಷಗಳ ಹಿಂದೆ. ಅಕ್ಕ ನನಗಿಂತ ಮೂರೇ ವರ್ಷ ದೊಡ್ಡವಳು, ತೇರಗಾಂವದಲ್ಲಿರುತ್ತಾಳೆ. ಬಹುಕಾಲದ ಬಿಪಿ ಸದ್ದಿಲ್ಲದೆ ತನ್ನ ಕೆಲಸ ಮುಗಿಸಿತ್ತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಸೂಜಿಗಿಂತ ಅವಳಿಗೆ ಕಷ್ಟವಾದದ್ದು ನೀರು. ಒಳಗೆ ಹೋದ ನೀರು ಹೊರಗೆ ಬರುವ ದಾರಿಯಿಲ್ಲವಾದ್ದರಿಂದ ದಿನಕ್ಕೆ ಇಂತಿಷ್ಟೇ ಎಂದು ಅಳತೆ ಹಾಕಿಕೊಟ್ಟಿದ್ದರು. ಒಂದು ಸಣ್ಣ ಸ್ಟೀಲ್ ಬಟ್ಟಲು ಇಟ್ಟುಕೊಂಡು ಗುಟುಕು ಗುಟುಕಾಗಿ ತುಟಿ ತೋಯಿಸಿಕೊಳ್ಳುತ್ತಿದ್ದಳು. ಬೇಸಿಗೆಯಲ್ಲಿ ಅವಳೆದುರು ನೀರು ಕುಡಿಯಲು ನನಗೆ ನಾಚಿಕೆಯಾಗುತ್ತಿತ್ತು.

ಹೀಗೇ ಬಹಳ ದಿನ ನಡೆಯುವುದಿಲ್ಲ, ಮನೆಯವರು ಯಾರಾದರೂ ಒಂದು ಕೊಟ್ಟರೆ ಚೆನ್ನ ಎಂದು ಡಾಕ್ಟರು ಹೇಳಿದಾಗ ಎಲ್ಲರೂ ನನ್ನತ್ತ ನೋಡಿದರು. ಒಡಹುಟ್ಟಿದವನು, ಅದೇ ರಕ್ತದ ಗುಂಪು, ಮೇಲೆ ವಿಜ್ಞಾನದ ಮಾಸ್ತರ. “ನಾ ಕೊಡ್ತೇನಿ ಅಕ್ಕಾ” ಎಂದೆ, ಪಾಠದ ದನಿಯಲ್ಲೇ. ಅಕ್ಕ, “ಬ್ಯಾಡೋ ತಮ್ಮಾ, ನಿನಗೂ ಹೆಂಡ್ತಿ ಮಕ್ಕಳ ಅದಾರ” ಎಂದು ಅತ್ತಳು. ಅವಳ ಗಂಡ, ನಾವು ಮಾಮಾ ಎನ್ನುವವರು, ಹಿಟ್ಟಿನ ಗಿರಣಿ ನಡೆಸುತ್ತಾರೆ. ಮೈಗೆಲ್ಲ ಹಿಟ್ಟು ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಅವರು ಒಂದು ಮಾತೂ ಆಡಲಿಲ್ಲ. ಇಂಜೆಕ್ಷನ್ನಿನ ಸೂಜಿ ಕಂಡರೆ ಓಡುವ ಆಸಾಮಿ, ಇವರಿಂದೇನಾದೀತು ಎಂದು ನಾನೂ ಮನಸ್ಸಿನಲ್ಲೇ ಹಗುರವಾಗಿ ತೂಗಿ ನೋಡಿದೆ.

ಮನೆಗೆ ಬಂದು ಮಲಗಿದಾಗ ಹೆದರಿಕೆ ಶುರುವಾಯಿತು. ಸಾಮಾನ್ಯವಾಗಿ ಎಡಗಡೆಯದನ್ನೇ ತೆಗೆಯುತ್ತಾರೆ ಎಂದು ಓದಿದೆ. ಅದರ ರಕ್ತನಾಳ ಉದ್ದ, ಮರುಜೋಡಣೆಗೆ ಅನುಕೂಲವಂತೆ. ಓದಿದ ಮಾರನೆಯ ದಿನದಿಂದಲೇ ನನ್ನ ಎಡಸೊಂಟದಲ್ಲಿ ಒಂದು ಸಣ್ಣ ನೋವು. ಬೋರ್ಡಿನ ಮೇಲೆ ಬರೆಯುವಾಗ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಎಡಮಗ್ಗುಲಿಗೆ ಮಲಗುವುದನ್ನು ಬಿಟ್ಟೆ. ಐವತ್ತರ ಹತ್ತಿರ ಬಂದವನು, ಜೊತೆಗಿದ್ದ ಅಂಗವೊಂದನ್ನು ಬೀಳ್ಕೊಡುವವನಂತೆ ಎರಡು ತಿಂಗಳು ಅದನ್ನು ಸವರುತ್ತ ಕಳೆದೆ. ಬೇಡ ಎಂದು ಹೇಳಿಬಿಡಬೇಕೆಂದು ಎರಡು ಸಲ ತೇರಗಾಂವಕ್ಕೆ ಹೋದೆ. ಎರಡು ಸಲವೂ ಆ ಸ್ಟೀಲ್ ಬಟ್ಟಲನ್ನು ನೋಡಿ ಬಾಯಿ ಮುಚ್ಚಿಕೊಂಡು ಬಂದೆ.

ತಪಾಸಣೆಯ ದಿನ ಧಾರವಾಡದ ಆಸ್ಪತ್ರೆಗೆ ಅಕ್ಕ, ಮಾಮಾ, ನಾನು ಮೂವರೂ ಹೋದೆವು. ಹೊಟ್ಟೆಗೆ ತಣ್ಣನೆಯದೇನನ್ನೋ ಸವರಿ ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರಮ್ಮ ಎಡಗಡೆಗೆ ಬಂದು ನಿಂತರು. ಮತ್ತೆ ಬಲಕ್ಕೆ ಹೋದರು, ಮತ್ತೆ ಎಡಕ್ಕೆ ಬಂದರು. ಮಗ್ಗುಲು ಬದಲಿಸಲು ಹೇಳಿದರು. ಕೊನೆಗೆ ಕೇಳಿದರು: “ಸರ್, ಹಿಂದ ಯಾವಾಗರ ಆಪರೇಷನ್ ಆಗೇತೇನ್ರಿ ನಿಮಗ?”

“ಇಲ್ರಿ.”

“ನಿಮಗ ಎಡಗಡೆ ಕಿಡ್ನಿನ ಇಲ್ಲಲ್ರಿ. ಹುಟ್ಟಿದಾಗಿಂದ ಒಂದ ಐತಿ.”

‘ಮಂಗ ಒಯ್ದೈತ್ರಿ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೆಲವರು ಹೀಗೆ ಹುಟ್ಟುತ್ತಾರೆ, ತೊಂದರೆಯೇನಿಲ್ಲ, ಉಪ್ಪು ಕಡಿಮೆ ಮಾಡಿ, ವರ್ಷಕ್ಕೊಮ್ಮೆ ತೋರಿಸಿ ಎಂದರು. ನನ್ನ ಮೊದಲ ಭಾವನೆ ಏನು ಎಂದು ಕೇಳಬೇಡಿ. ಕೇಳಿದರೆ ಹೇಳಿಬಿಡುತ್ತೇನೆ: ಬದುಕಿದೆಯಾ ಬಡಜೀವವೇ ಎನಿಸಿತು. ಬಾಗಿಲು ತೆಗೆದು ಹೊರಗೆ ಬಂದು, ಬೆಂಚಿನ ಮೇಲೆ ಫೈಲು ಅಪ್ಪಿಕೊಂಡು ಕೂತಿದ್ದ ಅಕ್ಕನ ಮುಖ ಕಂಡಾಗ ಅದೇ ಭಾವನೆಗೆ ನಾಚಿಕೊಂಡೆ. ಎರಡು ತಿಂಗಳು ನೋಯಿಸಿಕೊಂಡ ಜಾಗದಲ್ಲಿ ನೋಯಲು ಏನೂ ಇರಲೇ ಇಲ್ಲ ಎಂಬುದು ಆಮೇಲೆ ಹೊಳೆಯಿತು.

ಅಕ್ಕ, “ಅವ್ವ ನಿನಗ ಒಂದ ಹಾಕಿ ಕಳಿಸಿದ್ಳೇನೋ!” ಎಂದು ನಕ್ಕಳು. ನಗು ಅಲ್ಲಿಗೇ ನಿಂತಿತು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಅವಳ ಪಕ್ಕ ಮಾಮಾ, ಅವರ ಪಕ್ಕ ನಾನು. ಧಾರವಾಡ ಬಿಟ್ಟು ಬಹಳ ಹೊತ್ತಾದ ಮೇಲೆ ಮಾಮಾ ಬಾಯಿ ತೆರೆದರು.

“ಮಾಸ್ತರ, ಒಂದ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಎರಡ ಗಿರಣಿ ಹಿಟ್ಟ ಒಂದ ಗಿರಣ್ಯಾಗ ಬೀಸಿದ್ರ ಆ ಕಲ್ಲ ಲಗೂ ಸವೀತೈತಿ. ಮನಷಾಂದೂ ಹಂಗ ಅಲ್ಲೇನು?”

ಇಷ್ಟು ದಿನ ಅವರು ಬಾಗಿಲಲ್ಲಿ ನಿಂತು ಬಾಯಿ ಬಿಡದೆ ಯೋಚಿಸಿದ್ದು ಇದನ್ನು. ನಾನು ಪಾಠ ಶುರುಮಾಡಲು ಗಂಟಲು ಸರಿಮಾಡಿಕೊಂಡವನು ಅಲ್ಲಿಗೇ ನಿಲ್ಲಿಸಿ, ಸ್ಕ್ಯಾನಿನ ಕಾಗದ ತೆಗೆದು ಅವರ ಕೈಯಲ್ಲಿಟ್ಟೆ.

“ಕಲ್ಲ ಸವೀತೈತ್ರಿ ಮಾಮಾ. ಇದು ಬೆಳೀತೈತಿ. ನೋಡ್ರಿ, ನಂದು ಒಂದ ಇದ್ರೂ ದೊಡ್ಡದಾಗೇತಿ. ಎರಡರ ಕೆಲಸ ಹೆಚ್ಚು ಕಡಿಮಿ ಅದ ಮಾಡೇತಿ.”

ಮಾಮಾ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಎಷ್ಟ ವರ್ಷದಿಂದ ಓಡಾಕತ್ತೈತಿ?”

“ನಲವತ್ತೊಂಬತ್ತ.”

“ಸರ್ವಿಸಿಂಗ?”

“ಒಮ್ಮಿನೂ ಇಲ್ರಿ.”

ಮಾಮಾ ಕಾಗದ ಮಡಚಿ ಮರಳಿ ಕೊಟ್ಟರು. ಅಕ್ಕನ ಕಣ್ಣು ಮುಚ್ಚಿಯೇ ಇತ್ತು, ಆದರೆ ಅವಳ ಎದೆ ಏರಿಳಿಯುತ್ತಿರಲಿಲ್ಲ. ಉಸಿರಾಟದ ಪಾಠ ಮಾಡುವವನಿಗೆ ಅಷ್ಟು ತಿಳಿಯುತ್ತದೆ: ನಿದ್ದೆಯಲ್ಲಿ ಯಾರೂ ಉಸಿರು ಬಿಗಿಹಿಡಿಯುವುದಿಲ್ಲ.

“ಹಂಗಾರ ಮುಂದಿನ ವಾರ ನಂದೂ ಚೆಕ್ ಮಾಡಸೂಣು” ಎಂದರು ಮಾಮಾ.

ಅಕ್ಕ ಆಗ ಉಸಿರು ಬಿಟ್ಟಳು. ಕಣ್ಣು ಮಾತ್ರ ತೆರೆಯಲಿಲ್ಲ.

ಅವರದು ಹೊಂದಿತು. ಸೂಜಿಗೆ ಹೆದರುವವರು ಸಾಲಾಗಿ ಎಷ್ಟೋ ಸೂಜಿ ಚುಚ್ಚಿಸಿಕೊಂಡರು, ಪ್ರತಿ ಸಲವೂ ಮುಖ ಗೋಡೆಯ ಕಡೆಗೆ. ಆಪರೇಷನ್ ಆಗಿ ಹತ್ತು ತಿಂಗಳಾಯಿತು. ಹೊಸದನ್ನು ಹಾಕುವಾಗ ಹಳೆಯವನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ, ಹೊಸದನ್ನು ಮುಂಭಾಗದ ಕೆಳಹೊಟ್ಟೆಯಲ್ಲಿ ಜಾಗ ಮಾಡಿ ಕೂರಿಸುತ್ತಾರೆ. ಹಾಗಾಗಿ ಅಕ್ಕನಿಗೀಗ ಮೂರು, ಮಾಮಾಗೆ ಒಂದು, ನನಗೆ ಒಂದು. ಮೈಯ ಕಾವಲುಗಾರ ಕಣಗಳಿಗೆ ಮಾತ್ರ ಇದು ಒಪ್ಪಿಗೆಯಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಗಂಡನದಾದರೂ ಅವುಗಳ ಲೆಕ್ಕದಲ್ಲಿ ಪರಕೀಯವೇ. ಅವು ಜಗಳಕ್ಕೆ ನಿಲ್ಲದ ಹಾಗೆ ಅಕ್ಕ ಹೊತ್ತು ಹೊತ್ತಿಗೆ ಗುಳಿಗೆ ನುಂಗುತ್ತಾಳೆ, ಜೀವಮಾನವಿಡೀ ನುಂಗಬೇಕು. ಮಾಮಾ ಗಿರಣಿಗೆ ಬಂದವರಿಗೆಲ್ಲ ನನ್ನ ವಿಷಯ ಹೇಳುತ್ತಾರಂತೆ. ಜೋಳ ಬೀಸಿಸಲು ಬಂದ ಅಜ್ಜಿಯೊಬ್ಬಳು ಹೋದ ತಿಂಗಳು ನನ್ನನ್ನು ತಡೆದು ನಿಲ್ಲಿಸಿ ಅಡಿಯಿಂದ ಮುಡಿಯವರೆಗೆ ನೋಡಿ, “ಒಂದರ ಮ್ಯಾಲ ಓಡೂ ಮಾಸ್ತರ ನೀವೇನ್ರಿ?” ಎಂದಳು. ಹೌದೆಂದೆ.

ಈ ವರ್ಷವೂ ಅರ್ಧಪ್ಪನನ್ನು ಬಿಚ್ಚಿ ಒಣಹಾಕಿದೆವು. ಖಾಲಿ ಜಾಗಕ್ಕೆ ಮಣ್ಣಿನದೊಂದು ಮಾಡಿ ಕೂರಿಸೋಣವೇ ಎಂದು ಮಕ್ಕಳು ಕೇಳಿದರು. ಬೇಡ, ಅವನು ಹಾಗೆಯೇ ಚೆನ್ನಾಗಿದ್ದಾನೆ ಎಂದೆ. ಆ ಹಳೆಯ ಉತ್ತರಪತ್ರಿಕೆ ಈಗೆಲ್ಲಿಯದು? ಸಿಕ್ಕರೆ ಇನ್ನರ್ಧ ಅಂಕವನ್ನೂ ಹಾಕಿಬಿಡುತ್ತಿದ್ದೆ.

ಹೋದ ಭಾನುವಾರ ತೇರಗಾಂವಕ್ಕೆ ಹೋಗಿದ್ದೆ. ಊಟವಾದ ಮೇಲೆ ಅಕ್ಕ ದೊಡ್ಡ ತಂಬಿಗೆಯನ್ನೆತ್ತಿ, ತಲೆ ಹಿಂದಕ್ಕೆ ಚೆಲ್ಲಿ, ಗಟಗಟನೆ ಅಷ್ಟೂ ನೀರನ್ನು ಒಂದೇ ಸಲಕ್ಕೆ ಕುಡಿದಳು. ಗದ್ದದಿಂದ ನೀರು ಸೆರಗಿಗೆ ಇಳಿಯಿತು. ಮಾಮಾ ತಮ್ಮ ಗಿರಣಿಯ ಸದ್ದು ಕೇಳುವವರಂತೆ ಕತ್ತು ವಾರೆ ಮಾಡಿ, “ನೋಡ್ರಿ ಮಾಸ್ತರ, ನಂದು ಹೆಂಗ ಓಡಾಕತ್ತೈತಿ” ಎಂದರು.

“ಇನ್ನ ನಿಮ್ದೆಲ್ಲೀದು, ನಂದು ಅದು” ಎಂದಳು ಅಕ್ಕ ಬಾಯೊರೆಸಿಕೊಳ್ಳುತ್ತ.

ಹಳೆಯ ರೂಢಿಯಂತೆ ನನ್ನ ಕೈ ಎಡಸೊಂಟಕ್ಕೆ ಹೋಯಿತು. ಅಲ್ಲಿ ನೋವಿರಲಿಲ್ಲ, ಏನೂ ಇರಲಿಲ್ಲ. ನನಗೂ ಒಂದು ತಂಬಿಗೆ ನೀರು ಕೊಡು ಎಂದೆ. ಅವಳೆದುರೇ ಕುಡಿದೆ.